ಅಳಿವು, ಉಳಿವು ಮತ್ತು ಒಂದು ಚಿಟಿಕೆ ಲೋಹ

ಅಕ್ಕನ ಮಗ ರಜೆಗೆ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ. ಊಟಕ್ಕೆ ಕೂತಾಗಲೂ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ. "ಏನೋ ಅದು, ಅನ್ನ ಆರೋದೂ ಗೊತ್ತಾಗದ ಹಾಗೆ ಓದೋದು?" ಅಂತ ಅಕ್ಕ ಕೇಳಿದಳು. "ಇಬ್ಬರು ದೇವರಿಗೆ ಜಗಳ ಅಮ್ಮ. ಅದರಲ್ಲಿ ಒಬ್ಬನ ಮೈ ಗಣಿಯಲ್ಲಿ ಸಿಗುತ್ತೆ. ಅದನ್ನ ನುಂಗಿದ್ರೆ ಮುಂದಾಗೋದು ಕಾಣುತ್ತೆ" ಅಂದ. ಅಕ್ಕ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. "ಹೀಗೂ ದೇವರಿರ್ತಾರಾ?"

ಅವತ್ತು ರಾತ್ರಿ ಒಂದು ಗಂಟೆಯವರೆಗೆ ಮಾತಾಡಿದೆವು. ನಾನು ಈ ಪುಸ್ತಕಗಳನ್ನು ಮೊದಲೇ ಓದಿದ್ದೆ, ಅಕ್ಕನಿಗೆ ಎಲ್ಲ ಹೊಸದು. ಮನೆಯಲ್ಲಿ ಮಕ್ಕಳು ಇಂಥ ಕಥೆ ಹೇಳಲು ಬಂದಾಗ ಬುಡ ತುದಿ ತಿಳಿಯದೆ "ಹ್ಞೂಂ" ಅಂದು ಸುಮ್ಮನಾಗುವವರು ಬಹಳ ಜನ ಇದ್ದಾರೆ. ಅವರಿಗಾಗಿ ಬುಡದಿಂದಲೇ ಹೇಳುತ್ತೇನೆ.

ಪುಸ್ತಕ ‘ಮಿಸ್ಟ್‌ಬಾರ್ನ್’ ಸರಣಿ. ಬರೆದವರು ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್ಸನ್. ಮೊದಲ ಮೂರು ಕಾದಂಬರಿಗಳು 2006, 2007 ಮತ್ತು 2008ರಲ್ಲಿ ಬಂದವು. ಇದು ಫ್ಯಾಂಟಸಿ, ಅಂದರೆ ಪೂರ್ತಿ ಕಲ್ಪನೆಯ ಲೋಕದಲ್ಲಿ ನಡೆಯುವ ಕಥೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ದೇವರ ಲೆಕ್ಕ ಬಿಡಿಸಬೇಕಾದರೆ ಕಥೆಯ ಗುಟ್ಟುಗಳನ್ನೂ ಹೇಳಬೇಕಾಗುತ್ತದೆ, ಕೊನೆಯದೂ ಸೇರಿ. ಓದುವ ಆಸೆ ಇರುವವರು ಪುಸ್ತಕ ಮುಗಿಸಿ ಇಲ್ಲಿಗೆ ಬನ್ನಿ.

ಬೂದಿ ಸುರಿಯುವ ಲೋಕ

ಈ ಲೋಕದ ಹೆಸರು ಸ್ಕೇಡ್ರಿಯಲ್. ಅಲ್ಲಿ ಸೂರ್ಯ ಕೆಂಪು. ಗಿಡಗಳು ಕಂದು. ಆಕಾಶದಿಂದ ಬೂದಿ ಬೀಳುತ್ತಲೇ ಇರುತ್ತದೆ, ರಾತ್ರಿಯಾದರೆ ಮಂಜು ಕವಿಯುತ್ತದೆ. ಲಾರ್ಡ್ ರೂಲರ್ ಎಂಬ ಒಬ್ಬನೇ ದೊರೆ 1000 ವರ್ಷದಿಂದ ಆಳುತ್ತಿದ್ದಾನೆ. ದುಡಿಯುವವರೆಲ್ಲ ಜೀತದಾಳುಗಳು, ಸುಖಪಡುವವರು ಶ್ರೀಮಂತ ಮನೆತನದವರು. ಕಥೆಯ ನಾಯಕಿ ವಿನ್ ಎಂಬ ಬಡ ಹುಡುಗಿ, ಬೀದಿ ಕಳ್ಳರ ಗುಂಪಿನಲ್ಲಿ ಬೆಳೆದವಳು.

ಮೊದಲ ಪುಸ್ತಕ ಓದುವಾಗ ಇದು ದುಷ್ಟ ದೊರೆಯ ವಿರುದ್ಧದ ದಂಗೆಯ ಕಥೆ ಅನಿಸುತ್ತದೆ. ಬೂದಿ, ಮಂಜು, ಲೋಹ ಎಲ್ಲದರ ಹಿಂದೆ ಇಬ್ಬರು ದೇವರ ಹಳೇ ವ್ಯಾಜ್ಯ ಇದೆ ಅನ್ನೋದು ಮೂರನೇ ಪುಸ್ತಕದ ಹೊತ್ತಿಗೆ ಗೊತ್ತಾಗುತ್ತದೆ.

ಇಬ್ಬರು ದೇವರು, ಒಂದು ಕರಾರು

ಒಬ್ಬನ ಹೆಸರು ಪ್ರಿಸರ್ವೇಶನ್, ಇನ್ನೊಬ್ಬನ ಹೆಸರು ರೂಯಿನ್. ನಮ್ಮಲ್ಲಿ ಇದಕ್ಕೆ ಒಳ್ಳೆಯ ಜೋಡಿ ಮಾತು ಇದೆ: ಅಳಿವು, ಉಳಿವು. ರೂಯಿನ್‌ನನ್ನು ಅಳಿವು, ಪ್ರಿಸರ್ವೇಶನ್‌ನನ್ನು ಉಳಿವು ಅಂತಲೇ ಕರೆಯೋಣ. ಇದ್ದದ್ದನ್ನು ಇದ್ದ ಹಾಗೆ ಇಡಬೇಕು ಅನ್ನೋದು ಉಳಿವಿನ ಸ್ವಭಾವ. ಇರುವುದೆಲ್ಲ ಒಂದು ದಿನ ಮುಗಿಯಬೇಕು ಅನ್ನೋದು ಅಳಿವಿನ ಸ್ವಭಾವ.

ಉಳಿವು ಒಳ್ಳೆಯವನು, ಅಳಿವು ಕೆಟ್ಟವನು ಅಂತ ತಕ್ಷಣ ಅನಿಸುತ್ತದೆ ಅಲ್ವಾ? ಒಳಿತಿಗೊಬ್ಬ, ಕೆಡುಕಿಗೊಬ್ಬ ಎಂಬ ನಂಬಿಕೆ ಲೋಕದಲ್ಲಿ ಬಹಳ ಹಳೆಯದು. ಪಾರ್ಸಿಗಳ ಜರತುಷ್ಟ್ರ ಧರ್ಮದಲ್ಲಿ ಅಹುರ ಮಜ್ದಾ ಮತ್ತು ಅಂಗ್ರ ಮೈನ್ಯು ಹಾಗೇ ಎದುರಾಳಿಗಳು. ಆದರೆ ಈ ಕಥೆಯ ಹೂಟ ಬೇರೆ. ಬಿತ್ತನೆ ಬೀಜವನ್ನು ನೆನಪು ಮಾಡಿಕೊಳ್ಳಿ. ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಮಡಕೆಯಲ್ಲಿ ಇಟ್ಟರೆ ಬೀಜ ಕೆಡುವುದಿಲ್ಲ. ಆದರೆ ಮೊಳೆಯುವುದೂ ಇಲ್ಲ. ಮಣ್ಣಿಗೆ ಬಿದ್ದು, ನೆನೆದು, ಸಿಪ್ಪೆ ಒಡೆದ ಮೇಲೇ ಮೊಳಕೆ. ಬರೀ ಉಳಿವು ಇದ್ದ ಲೋಕ ಮಡಕೆಯೊಳಗಿನ ಬೀಜದ ಹಾಗೆ. ಬರೀ ಅಳಿವು ಇದ್ದ ಲೋಕದಲ್ಲಿ ಕೊಳೆಯುವುದಕ್ಕೂ ಏನೂ ಉಳಿದಿರುವುದಿಲ್ಲ.

ಹಾಗಾಗಿ ಇಬ್ಬರಲ್ಲಿ ಯಾರೂ ಒಬ್ಬರೇ ಏನನ್ನೂ ಸೃಷ್ಟಿಸಲಾರರು. ಇಬ್ಬರೂ ಸೇರಿ ಈ ಲೋಕವನ್ನೂ ಮನುಷ್ಯರನ್ನೂ ಮಾಡಿದರು. ಕರಾರು ಇಷ್ಟು: ಮಾಡುವಾಗ ಇಬ್ಬರ ಕೈ, ಕೊನೆಗೊಂದು ದಿನ ಎಲ್ಲವನ್ನೂ ನಾಶ ಮಾಡುವ ಹಕ್ಕು ಅಳಿವಿಗೆ.

ಇಲ್ಲಿ ಉಳಿವು ಒಂದು ಕೆಲಸ ಮಾಡಿದ. ಮನುಷ್ಯರಿಗೆ ಯೋಚಿಸುವ ಬುದ್ಧಿ ಬರಲಿ ಅಂತ ತನ್ನ ಪಾಲು ಒಂದು ಚೂರು ಜಾಸ್ತಿ ಹಾಕಿದ. ಅದರಿಂದ ಅವನ ಶಕ್ತಿ ಅಷ್ಟು ಕಡಿಮೆಯಾಯಿತು. ಆಮೇಲೆ ಕರಾರನ್ನೂ ಮುರಿದ. ತನ್ನ ಮನಸ್ಸನ್ನೇ ತೆತ್ತು ಅಳಿವಿನ ಮನಸ್ಸನ್ನು ಸೆರೆಯಲ್ಲಿಟ್ಟ. ಅಂದರೆ ಮಾತು ತಪ್ಪಿದವನು ಕಾಪಾಡುವ ದೇವರು. ಮಾತಿನಂತೆ ತನ್ನ ಪಾಲು ಕೇಳುತ್ತಿರುವವನು ನಾಶದ ದೇವರು. ನನಗೆ ಈ ಕಥೆ ತುಂಬಾ ಹಿಡಿಸಿದ್ದು ಇಲ್ಲೇ.

ಇನ್ನೊಂದು ವಿಷಯ. ಈ ದೇವರುಗಳು ಹುಟ್ಟಾ ದೇವರಲ್ಲ. ಶಕ್ತಿ ಬೇರೆ, ಅದನ್ನು ಹೊತ್ತವನು ಬೇರೆ. ಅಳಿವಿನ ಶಕ್ತಿ ಹೊತ್ತವನ ಹೆಸರು ಆಟಿ. ಮೊದಲು ಅವನು ಕರುಣೆಯ ಮನುಷ್ಯನಾಗಿದ್ದ. ಕಾಲ ಕಳೆದಂತೆ ಶಕ್ತಿಯೇ ಅವನನ್ನು ನುಂಗಿಹಾಕಿತು. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಮೂರು ವಿದ್ಯೆ, ಮೂರು ಬಗೆಯ ಲೆಕ್ಕ

ದೇವರ ಸ್ವಭಾವ ಆ ಲೋಕದ ಮಂತ್ರವಿದ್ಯೆಯಲ್ಲೂ ಇಳಿದಿದೆ. ವಿದ್ಯೆಗಳು ಮೂರು, ಮೂರಕ್ಕೂ ಲೋಹ ಬೇಕು. ಅಂಗಡಿಯ ಖಾತೆ ಪುಸ್ತಕದ ಹಾಗೆ ನೋಡಿದರೆ ಬೇಗ ಅರ್ಥವಾಗುತ್ತದೆ. ಒಂದರಲ್ಲಿ ಲಾಭ, ಇನ್ನೊಂದರಲ್ಲಿ ಸಮ, ಮತ್ತೊಂದರಲ್ಲಿ ನಷ್ಟ.

ಲಾಭದ್ದು ಅಲೊಮ್ಯಾನ್ಸಿ. ಇದು ಉಳಿವಿನ ವಿದ್ಯೆ. ಲೋಹದ ಪುಡಿಯನ್ನು ಮದ್ಯದಲ್ಲಿ ಕಲಸಿ ಸಣ್ಣ ಸೀಸೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅದನ್ನು ಕುಡಿದು ಹೊಟ್ಟೆಯೊಳಗೇ ‘ಉರಿಸಿದರೆ’ ಶಕ್ತಿ ಬರುತ್ತದೆ. ಆ ಶಕ್ತಿ ಲೋಹದ್ದಲ್ಲ, ಕುಡಿದವನದ್ದೂ ಅಲ್ಲ, ದೇವರಿಂದ ಹರಿದು ಬರುವಂಥದ್ದು. ಲೋಹ ಬರೀ ಸ್ವಿಚ್. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಆದರೆ ಕರೆಂಟು ಸ್ವಿಚ್ಚಿನೊಳಗೆ ಇರುವುದಿಲ್ಲ ಅಲ್ವಾ? ಹಾಗೆ. ಈ ವಿದ್ಯೆ ರಕ್ತದಲ್ಲಿ ಬರಬೇಕು. ಒಂದೇ ಲೋಹ ಉರಿಸಬಲ್ಲವರು ಮಿಸ್ಟಿಂಗ್‌ಗಳು. ಎಲ್ಲವನ್ನೂ ಉರಿಸಬಲ್ಲವರು ಮಿಸ್ಟ್‌ಬಾರ್ನ್.

ವಿನ್‌ಗೆ ಈ ವಿದ್ಯೆ ಇತ್ತು, ಅವಳಿಗೇ ಗೊತ್ತಿರಲಿಲ್ಲ. ಎದುರಿಗಿದ್ದವರ ಸಿಟ್ಟು ಇಳಿಸುವ ಒಂದು ‘ಅದೃಷ್ಟ’ ತನಗಿದೆ ಅಂದುಕೊಂಡಿದ್ದಳು. ಲೋಹ ಎಲ್ಲಿಂದ ಬಂತು? ಕುಡಿಯುವ ನೀರಿನಿಂದ, ಊಟದ ಪಾತ್ರೆಯಿಂದ ಹೊಟ್ಟೆಗೆ ಸೇರುತ್ತಿದ್ದ ಕಣಗಳಿಂದ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ನಮ್ಮ ಹಿರಿಯರಿಗೆ ಪಾತ್ರೆಯ ಲೋಹ ಅಡುಗೆಗೆ ಇಳಿಯುತ್ತದೆ ಅನ್ನೋದು ಚೆನ್ನಾಗಿ ಗೊತ್ತಿತ್ತು. ಅಕ್ಕ ಈ ಕಥೆಯಲ್ಲಿ ಮೊದಲು ಒಪ್ಪಿಕೊಂಡ ಮಾತು ಇದೇ.

ಸಮದ್ದು ಫೆರುಕೆಮಿ. ಇದರಲ್ಲಿ ಇಬ್ಬರು ದೇವರ ಪಾಲೂ ಇದೆ. ಇದು ಬಡ್ಡಿ ಇಲ್ಲದ ಉಳಿತಾಯ ಖಾತೆ. ನಿಮ್ಮದೇ ಶಕ್ತಿಯನ್ನು ಮೈಮೇಲಿನ ಬಳೆ, ಉಂಗುರಗಳಲ್ಲಿ ಕೂಡಿಡಬಹುದು, ಬೇಕಾದಾಗ ತೆಗೆಯಬಹುದು. ತವರದ ಉಂಗುರದಲ್ಲಿ ಕಣ್ಣಿನ ಶಕ್ತಿ ಇಡುತ್ತೀರಿ ಅನ್ನಿ. ಇಡುವಷ್ಟು ಹೊತ್ತು ಕಣ್ಣು ಮಂಜು ಮಂಜು. ತೆಗೆದಾಗ ಅಷ್ಟೇ ಹೊತ್ತು ಹದ್ದಿನ ಕಣ್ಣು. ಕಬ್ಬಿಣದಲ್ಲಿ ಮೈತೂಕ ಇಡಬಹುದು, ಹಿತ್ತಾಳೆಯಲ್ಲಿ ಮೈಯ ಬಿಸಿ, ಕಂಚಿನಲ್ಲಿ ಎಚ್ಚರ, ಚಿನ್ನದಲ್ಲಿ ಆರೋಗ್ಯ. ತಾಮ್ರದಲ್ಲಿ ನೆನಪು. ಸೇಜೆಡ್ ಎಂಬ ಪಂಡಿತ ಅಳಿದುಹೋದ ನೂರಾರು ಧರ್ಮಗಳ ವಿವರವನ್ನು ತಾಮ್ರದ ತೋಳುಬಂದಿಯಲ್ಲಿ ಹೊತ್ತು ತಿರುಗುತ್ತಾನೆ. ನಂಬುವವರು ಯಾರೂ ಉಳಿದಿಲ್ಲ, ನೆನಪು ಮಾತ್ರ ಅವನ ತೋಳಿನಲ್ಲಿದೆ.

ನಷ್ಟದ್ದು ಹೆಮಲರ್ಜಿ. ಇದು ಅಳಿವಿನ ವಿದ್ಯೆ. ಲೋಹದ ಮೊಳೆಯನ್ನು ಒಬ್ಬನಿಗೆ ಹೊಡೆದು ಕೊಂದು, ಅವನ ಶಕ್ತಿಯನ್ನು ಕಿತ್ತು, ಅದೇ ಮೊಳೆಯನ್ನು ಇನ್ನೊಬ್ಬನ ಮೈಗೆ ಹೊಡೆಯುವುದು. ಆದರೆ ಕಿತ್ತದ್ದಷ್ಟೂ ಸಿಗುವುದಿಲ್ಲ, ದಾರಿಯಲ್ಲೇ ಒಂದಷ್ಟು ಸೋರಿಹೋಗುತ್ತದೆ. ಹೊಲದ ಪಂಪ್‌ಸೆಟ್ಟಿನ ಮೋಟಾರು ಒಡೆದು ತಾಮ್ರದ ತಂತಿ ಕದಿಯುವವರನ್ನು ನೋಡಿ. ರೈತನಿಗೆ ಹೋದದ್ದು ಮೋಟಾರು, ನೀರು, ಬೆಳೆ. ಕಳ್ಳನಿಗೆ ಸಿಕ್ಕಿದ್ದು ಗುಜರಿ ಅಂಗಡಿಯ ನಾಲ್ಕು ಕಾಸು. ಒಟ್ಟು ಲೆಕ್ಕದಲ್ಲಿ ಲೋಕಕ್ಕೇ ನಷ್ಟ. ನಾಶದ ದೇವರ ವಿದ್ಯೆ ಹೀಗಲ್ಲದೆ ಇನ್ನು ಹೇಗಿರಲು ಸಾಧ್ಯ?

ಒಂದರೊಳಗೊಂದು ಬೆರೆತರೆ ಲೆಕ್ಕ ತಲೆಕೆಳಗಾಗುತ್ತದೆ. ಖಾತೆಯಲ್ಲಿ ಇಟ್ಟದ್ದನ್ನು ಸುಮ್ನೆ ತೆಗೆಯದೆ, ಆ ಲೋಹವನ್ನೇ ನುಂಗಿ ಉರಿಸಿದರೆ? ಆಗ ಶಕ್ತಿ ದೇವರಿಂದ ಬರುತ್ತದೆ, ಇಟ್ಟದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎರಡೂ ವಿದ್ಯೆ ಒಬ್ಬನಲ್ಲೇ ಇದ್ದರೆ ಮಾತ್ರ ಇದು ಸಾಧ್ಯ. ಲಾರ್ಡ್ ರೂಲರ್ 1000 ವರ್ಷ ಮುದುಕನಾಗದೆ ಬದುಕಿದ್ದು ಹೀಗೇ, ಯೌವನವನ್ನು ಲೋಹದಲ್ಲಿ ಇಟ್ಟು ಬೆಳೆಸಿಕೊಂಡು. ಕೊನೆಗೆ ವಿನ್ ಅವನ ತೋಳಿನ ಬಳೆಗಳನ್ನು ಕಿತ್ತಾಗ ಕಣ್ಣೆದುರೇ ಮುಪ್ಪು ಅವನನ್ನು ಮುತ್ತಿಕೊಳ್ಳುತ್ತದೆ.

ರಂಗೋಲಿಯ ಅರ್ಧ

ರಂಗೋಲಿಯ ಎಡಭಾಗ ಬಿಡಿಸಿದ್ದರೆ ಬಲಭಾಗ ಹೇಗಿರಬೇಕು ಅಂತ ನೋಡಿದವರು ಹೇಳಬಲ್ಲರು. ಅಲೊಮ್ಯಾನ್ಸಿಯ ಲೋಹಗಳೂ ಹಾಗೇ ಜೋಡಿ ಜೋಡಿ. ಒಂದು ಶುದ್ಧ ಲೋಹ, ಅದರ ಜೊತೆಗೆ ಅದರದ್ದೇ ಮಿಶ್ರಲೋಹ. ಶುದ್ಧ ಲೋಹ ಎಳೆಯುತ್ತದೆ, ಮಿಶ್ರಲೋಹ ತಳ್ಳುತ್ತದೆ.

ಕಬ್ಬಿಣ ಉರಿಸಿದರೆ ಸುತ್ತಲಿನ ಲೋಹದ ವಸ್ತುಗಳನ್ನು ನಿಮ್ಮತ್ತ ಎಳೆಯಬಹುದು, ಉಕ್ಕು ಉರಿಸಿದರೆ ಆಚೆಗೆ ತಳ್ಳಬಹುದು. ಸತು ಎದುರಿನವರ ಭಾವನೆಯನ್ನು ಕೆರಳಿಸುತ್ತದೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ಅದು ಭಾವನೆಯನ್ನು ತಣಿಸುತ್ತದೆ. ತಾಮ್ರ ಉರಿಸುವವನು ತನ್ನ ಸುತ್ತ ನಡೆಯುವ ಮಂತ್ರವಿದ್ಯೆಯನ್ನು ಬಚ್ಚಿಡುತ್ತಾನೆ. ತಾಮ್ರಕ್ಕೆ ತವರ ಸೇರಿದರೆ ಕಂಚು, ಅದು ಇನ್ನೊಬ್ಬರ ವಿದ್ಯೆಯನ್ನು ಪತ್ತೆ ಮಾಡುತ್ತದೆ. ತವರ ಕಣ್ಣು ಕಿವಿಗಳನ್ನು ಚುರುಕು ಮಾಡುತ್ತದೆ. ತವರಕ್ಕೆ ಸೀಸ ಬೆರೆಸಿದ ಪ್ಯೂಟರ್ ಮೈಬಲ ಕೊಡುತ್ತದೆ. ಈ ಎಂಟರಲ್ಲಿ ನಾಲ್ಕು ಮೈಗೆ ಸೇರಿದ್ದು, ನಾಲ್ಕು ಮನಸ್ಸಿಗೆ. ಅದರಲ್ಲೂ ಅರ್ಧ ನಿಮ್ಮ ಮೇಲೇ ಕೆಲಸ ಮಾಡುತ್ತವೆ, ಇನ್ನರ್ಧ ಹೊರಗಿನದರ ಮೇಲೆ. ಮುಂದೆ ಲೆಕ್ಕ 16ಕ್ಕೆ ಹೋಗುತ್ತದೆ.

ಇಂಥ ಜೋಡಣೆಯಿಂದ ಆಗುವ ಉಪಯೋಗ ದೊಡ್ಡದು. ಖಾಲಿ ಜಾಗ ಕಂಡರೆ ಅಲ್ಲೇನೋ ಇರಲೇಬೇಕು ಅಂತ ಊಹಿಸಬಹುದು. 1869ರಲ್ಲಿ ಮೆಂಡಲೀವ್ ಮೂಲವಸ್ತುಗಳ ಕೋಷ್ಟಕ ಮಾಡಿದಾಗ ಕೆಲವು ಮನೆಗಳನ್ನು ಖಾಲಿ ಬಿಟ್ಟಿದ್ದರು. 1875ರಲ್ಲಿ ಗ್ಯಾಲಿಯಮ್ ಸಿಕ್ಕಿ ಒಂದು ಮನೆ ತುಂಬಿತು. ಎರಡನೇ ಪುಸ್ತಕದಲ್ಲಿ ವಿನ್ ಮಾಡುವುದೂ ಅದನ್ನೇ. ಅಲ್ಯೂಮಿನಿಯಮ್ ಒಂದು ಲೋಹ ಅಂದಮೇಲೆ ಅದಕ್ಕೂ ಒಂದು ಮಿಶ್ರಲೋಹದ ಜೋಡಿ ಇರಬೇಕಲ್ಲ ಅಂತ ಹುಡುಕಿಸುತ್ತಾಳೆ. ಸಿಗುವುದು ಡ್ಯುರಾಲುಮಿನ್. ಅಲ್ಯೂಮಿನಿಯಮ್ ಉರಿಸಿದರೆ ಹೊಟ್ಟೆಯಲ್ಲಿರುವ ಬೇರೆ ಲೋಹವೆಲ್ಲ ವ್ಯರ್ಥವಾಗಿ ಖಾಲಿ. ಡ್ಯುರಾಲುಮಿನ್ ಉರಿಸಿದರೆ ಜೊತೆಗೆ ಉರಿಯುತ್ತಿರುವ ಲೋಹದ ಶಕ್ತಿಯೆಲ್ಲ ಒಂದೇ ಏಟಿಗೆ ಸ್ಫೋಟ.

ತಳ್ಳಿದರೆ ಹಾರುವವರು ಯಾರು?

ಉಕ್ಕಿನ ವಿದ್ಯೆಯಲ್ಲಿ ಜನ ಆಕಾಶಕ್ಕೆ ಹಾರುತ್ತಾರೆ. "ತಳ್ಳೋದಕ್ಕೂ ಹಾರೋದಕ್ಕೂ ಏನು ಸಂಬಂಧ?" ಅಂತ ಅಕ್ಕ ಕೇಳಿದಾಗ ಹುಡುಗ ನನ್ನ ಚಕ್ರದ ಕುರ್ಚಿ ಎಳೆದುಕೊಂಡು ಬಂದ. ಕೂತು, ಕಾಲೆತ್ತಿ, ಪಕ್ಕದ ಪ್ಲಾಸ್ಟಿಕ್ ಸ್ಟೂಲನ್ನು ತಳ್ಳಿದ. ಸ್ಟೂಲು ಸರ್ರನೆ ಹೋಯಿತು. ಆಮೇಲೆ ಗೋಡ್ರೆಜ್ ಬೀರು ತಳ್ಳಿದ. ಬೀರು ಕದಲಲಿಲ್ಲ, ಕುರ್ಚಿ ಸಮೇತ ಇವನೇ ಹಿಂದಕ್ಕೆ ಬಂದ. ನಂತರ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ನೆಲದ ಮೇಲಿಟ್ಟ. "ಇದನ್ನ ಗಾಳಿಯಲ್ಲಿ ಎಸೆದು ತಳ್ಳಿದ್ರೆ ಗುಂಡಿನ ಹಾಗೆ ಹೋಗುತ್ತೆ. ನೆಲದ ಮೇಲಿದ್ದಾಗ ತಳ್ಳಿದ್ರೆ? ಹಿಂದೆ ಭೂಮಿನೇ ಇದೆ. ನಾಣ್ಯ ಎಲ್ಲಿಗೂ ಹೋಗಲ್ಲ. ನಾನೇ ಮೇಲೆ."

ಇದು ನ್ಯೂಟನ್ನನ ಮೂರನೇ ನಿಯಮ. ತಳ್ಳಿದಷ್ಟೇ ಬಲ ತಳ್ಳಿದವನಿಗೂ ವಾಪಸ್ಸು. ಹಗುರವಾದದ್ದು ಹೆಚ್ಚು ಸರಿಯುತ್ತದೆ. ಅಡ್ಡಡ್ಡಲಾಗಿ ತಳ್ಳುವ ಹಾಗಿಲ್ಲ, ಮೈಯಿಂದ ನೇರ ಗೆರೆಯಲ್ಲೇ ತಳ್ಳಬೇಕು. ಈಗ ಇದಕ್ಕೆ ತೂಕ ಕೂಡಿಡುವ ಕಬ್ಬಿಣದ ಫೆರುಕೆಮಿ ಸೇರಿಸಿ. ಮುಂದಿನ ಪುಸ್ತಕಗಳ ನಾಯಕ ವ್ಯಾಕ್ಸ್‌ಗೆ ಈ ಎರಡೂ ಬರುತ್ತವೆ. ಹಾರಬೇಕಾದಾಗ ಮೈ ಹಗುರ ಮಾಡಿಕೊಳ್ಳುತ್ತಾನೆ. ಎದುರಿನದನ್ನು ಒಡೆಯಬೇಕಾದಾಗ ಭಾರ ಮಾಡಿಕೊಂಡು ತಳ್ಳುತ್ತಾನೆ. ನಿಯಮ ಒಂದೇ, ಅದರಿಂದ ಹುಟ್ಟುವ ಆಟ ನೂರು.

ಗೊತ್ತಿದ್ದ ಮಿತಿಯೇ ಕಥೆಯ ಬಲ

ಇಷ್ಟೆಲ್ಲ ಲೆಕ್ಕ ಕಥೆಗೆ ಯಾಕೆ ಬೇಕು? ಸ್ಯಾಂಡರ್ಸನ್ ಇದಕ್ಕೆ ಒಂದು ಸೂತ್ರ ಹೇಳುತ್ತಾರೆ. ಮಂತ್ರವಿದ್ಯೆ ಓದುಗರಿಗೆ ಎಷ್ಟು ಅರ್ಥವಾಗಿದೆಯೋ ಅಷ್ಟರಮಟ್ಟಿಗೆ ಮಾತ್ರ ಅದರಿಂದ ಕಥೆಯ ಸಮಸ್ಯೆ ಬಗೆಹರಿಸಬಹುದು. ಹೀಗೆ ನಿಯಮ ಪಕ್ಕಾ ಇರುವುದನ್ನು ಓದುಗರು ‘ಹಾರ್ಡ್ ಮ್ಯಾಜಿಕ್’ ಅನ್ನುತ್ತಾರೆ. ವಿದ್ಯೆ ಏನು ಕೊಡುತ್ತದೆ ಅನ್ನುವುದಕ್ಕಿಂತ ಏನು ಕೊಡುವುದಿಲ್ಲ ಅನ್ನೋದು ಮುಖ್ಯ ಎಂಬುದು ಅವರ ಎರಡನೇ ಸೂತ್ರ.

ನಮಗೆ ಇದು ಹೊಸದೇನಲ್ಲ. ಕರ್ಣನ ಶಕ್ತ್ಯಾಯುಧ ನೆನಪಿಸಿಕೊಳ್ಳಿ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದದ್ದು. ಒಂದೇ ಸಲ ಬಳಸಬಹುದು ಅನ್ನೋದು ನಮಗೆ ಮೊದಲೇ ಗೊತ್ತು. ಅರ್ಜುನನಿಗೆಂದು ಎತ್ತಿಟ್ಟಿದ್ದಾನೆ ಅನ್ನೋದೂ ಗೊತ್ತು. ಅದಕ್ಕೇ ಘಟೋತ್ಕಚನ ಮೇಲೆ ಅದನ್ನು ಬಿಡುವಾಗ ಎದೆ ಧಸಕ್ಕೆನ್ನುತ್ತದೆ. ಆ ಮಿತಿ ಗೊತ್ತಿರದಿದ್ದರೆ ಅದು ಇನ್ನೊಂದು ಬಾಣ ಅಷ್ಟೇ.

ಅಸ್ತ್ರಕ್ಕೆ ಪ್ರತ್ಯಸ್ತ್ರವೂ ಹಾಗೇ. ರಾವಣನ ಹಾವಿನ ಬಾಣಕ್ಕೆ ರಾಮನ ಗರುಡಾಸ್ತ್ರ. ಸ್ಕೇಡ್ರಿಯಲ್‌ನಲ್ಲಿ ಏಟಿಯಮ್ ಎಂಬ ಲೋಹ ಉರಿಸಿದವನಿಗೆ ಎದುರಾಳಿ ಮುಂದಿನ ಕೆಲವು ಕ್ಷಣಗಳಲ್ಲಿ ಏನು ಮಾಡುತ್ತಾನೆ ಅನ್ನೋದು ನೆರಳಿನ ಹಾಗೆ ಕಾಣುತ್ತದೆ. ಎದುರಿನವನೂ ಉರಿಸಿದರೆ ಒಬ್ಬೊಬ್ಬನಿಗೂ ಹತ್ತಾರು ನೆರಳು ಕಂಡು ಎರಡೂ ರದ್ದು. ನಮ್ಮ ಅಸ್ತ್ರಗಳು ಮಂತ್ರದ ಮೇಲೆ, ಗುರುವಿನ ಕೃಪೆಯ ಮೇಲೆ ನಿಂತಿವೆ, ಶಾಪ ತಟ್ಟಿದರೆ ಮರೆತುಹೋಗುತ್ತವೆ. ಅಲ್ಲಿ ಲೋಹ ಮುಗಿದರೆ ಮುಗಿಯಿತು, ಎಷ್ಟೇ ಒಳ್ಳೆಯವನಾಗಿದ್ದರೂ ಸರಿ.

ಸಮ ಅಂದಮೇಲೆ ಗೆಲ್ಲೋದು ಯಾರು?

ತಕ್ಕಡಿ ಸಮವಾಗಿ ನಿಂತರೆ ಕಥೆ ನಡೆಯುವುದಿಲ್ಲ. ಇಲ್ಲಿ ತಕ್ಕಡಿ ಕೂದಲೆಳೆಯಷ್ಟು ವಾಲಿದೆ. ಮನುಷ್ಯರಲ್ಲಿ ಹಾಕಿದ ಆ ಒಂದು ಚೂರಿನಿಂದಾಗಿ ಅಳಿವೇ ಬಲವಂತ. ಅದಕ್ಕೇ ಉಳಿವು ಇನ್ನೊಂದು ಉಪಾಯ ಮಾಡಿದ್ದ. ಅಳಿವಿನ ಮೈಯ ಒಂದು ಭಾಗವನ್ನು ಬೇರ್ಪಡಿಸಿ ಗುಹೆಗಳಲ್ಲಿ ಲೋಹವಾಗಿ ಬಚ್ಚಿಟ್ಟ. ಆ ಲೋಹವೇ ಏಟಿಯಮ್. ಶ್ರೀಮಂತರು ಬೀದಿ ಕಾಳಗದಲ್ಲಿ ನುಂಗಿ ಉರಿಸುತ್ತಿದ್ದದ್ದು ಒಬ್ಬ ದೇವರ ಮೈ. ಅಕ್ಕನ ಸೌಟು ನಿಂತದ್ದು ಈ ಮಾತಿಗೆ. ಇನ್ನು ರಾತ್ರಿ ಕವಿಯುವ ಮಂಜು ಉಳಿವಿನ ಮೈ.

ಅಳಿವಿಗೂ ಒಂದು ಜಾಣ ದಾರಿ ಇತ್ತು. ಯಾರ ಮೈಯಲ್ಲಿ ಹೆಮಲರ್ಜಿಯ ಮೊಳೆ ಇದೆಯೋ ಅವರ ಕಿವಿಯಲ್ಲಿ ಅವನು ಪಿಸುಗುಡಬಲ್ಲ. ಬರೆದಿಟ್ಟ ಅಕ್ಷರಗಳನ್ನೂ ತಿದ್ದಬಲ್ಲ. ಲೋಹದ ಮೇಲೆ ಕೆತ್ತಿದ್ದನ್ನು ಮಾತ್ರ ತಿದ್ದಲಾರ. ವಿನ್ ಚಿಕ್ಕಂದಿನಿಂದ ಒಂದು ಸಣ್ಣ ಓಲೆ ಹಾಕುತ್ತಿದ್ದಳು, ತಾಯಿಯ ನೆನಪು ಅಂತ. ಅವಳ ತಂಗಿಯನ್ನು ಕೊಂದು ಮಾಡಿದ ಕಂಚಿನ ಮೊಳೆ ಅದು. ಇಡೀ ಕಥೆಯುದ್ದಕ್ಕೂ ಆ ಓಲೆ ನಮ್ಮ ಕಣ್ಣೆದುರೇ ಇರುತ್ತದೆ, ನಾವು ಗಮನಿಸಿರುವುದಿಲ್ಲ. ಅದು ಕಿವಿಯಲ್ಲಿರುವವರೆಗೂ ಮಂಜಿನ ಶಕ್ತಿ ಅವಳೊಳಗೆ ಬರಲಾರದು. ಓಲೆ ಕಿತ್ತ ಮೇಲೆ ಉಳಿವಿನ ಶಕ್ತಿ ಪೂರ್ತಿ ಅವಳದಾಗುತ್ತದೆ.

ಆದರೂ, ಏಟಿಯಮ್ ಕೈಗೆ ಸಿಗದ ಅಳಿವಿಗೂ ಅವಳಿಗೂ ಬಲ ಸಮ. ಒಬ್ಬರನ್ನೊಬ್ಬರು ಸೋಲಿಸಲಾಗದು. ಉಳಿವಿನ ಮನಸ್ಸಿಗೆ ಕೊಲ್ಲುವುದೇ ಆಗದ ಕೆಲಸ. ವಿನ್ ಆ ಶಕ್ತಿಯನ್ನು ಹೊತ್ತು ಬಹಳ ಹೊತ್ತಾಗಿರಲಿಲ್ಲ, ಇನ್ನೂ ಮನುಷ್ಯಳೇ. ಅವಳು ತನ್ನನ್ನೇ ಅಳಿವಿನ ಮೇಲೆ ಎಸೆಯುತ್ತಾಳೆ. ಇಬ್ಬರೂ ಸಾಯುತ್ತಾರೆ. ಎರಡು ಶಕ್ತಿಗಳು ಹೊರುವವರಿಲ್ಲದೆ ಉಳಿಯುತ್ತವೆ.

ಎತ್ತಿಕೊಳ್ಳುವವನು ಸೇಜೆಡ್, ತಾಮ್ರದಲ್ಲಿ ಸತ್ತ ಧರ್ಮಗಳನ್ನು ಹೊತ್ತಿದ್ದ ಆ ಪಂಡಿತ. ಲೋಕವನ್ನು ಸರಿಮಾಡುವ ಶಕ್ತಿ ಬಂತು, ಆದರೆ ಮೊದಲು ಲೋಕ ಹೇಗಿತ್ತು? ಅದು ಅವನ ತಾಮ್ರದಲ್ಲಿತ್ತು. ಒಂದು ಧರ್ಮದವರು ನಕ್ಷತ್ರಗಳ ನಕ್ಷೆ ಬರೆದಿಟ್ಟಿದ್ದರು, ಸೂರ್ಯನಿಂದ ಎಷ್ಟು ದೂರ ಇರಬೇಕು ಅನ್ನೋದು ಅದರಿಂದ ತಿಳಿಯಿತು. ಹೀಗೆ ಒಬ್ಬೊಬ್ಬರ ನಂಬಿಕೆಯಿಂದ ಒಂದೊಂದು ತುಣುಕು. ಗಿಡಗಳು ಹಸಿರಾದವು, ಹೂವು ಬಂದವು.

ಅವನ ಹೊಸ ಹೆಸರು ಹಾರ್ಮನಿ, ಅಂದರೆ ಹೊಂದಾಣಿಕೆ. ಅಕ್ಕ ನೆಮ್ಮದಿಯಿಂದ ಉಸಿರು ಬಿಟ್ಟಳು. ಆದರೆ ಮುಂದಿನ ನಾಲ್ಕು ಪುಸ್ತಕಗಳು, 2011ರಿಂದ 2022ರವರೆಗೆ ಬಂದವು, ಅಲ್ಲಿಂದಲೇ ಶುರು. ಕಥೆಯಲ್ಲಿ 300ಕ್ಕೂ ಹೆಚ್ಚು ವರ್ಷ ಕಳೆದಿದೆ. ರೈಲು, ಬಂದೂಕು ಬಂದಿವೆ. ಹಾರ್ಮನಿಯೊಳಗೆ ಎರಡು ಶಕ್ತಿ ಸಮವಾಗಿವೆ, ಅದೇ ಅವನಿಗೆ ಕಷ್ಟ. ಕಾಪಾಡಲು ಕೈ ಎತ್ತಿದರೆ ಅಳಿವು ಹಿಡಿಯುತ್ತದೆ, ಕೊನೆಗಾಣಿಸಲು ಹೋದರೆ ಉಳಿವು ಬಿಡುವುದಿಲ್ಲ. ಹಾಗಾಗಿ ಅವನಿಗೆ ಒಬ್ಬ ಮನುಷ್ಯನ ಕೈ ಬೇಕು. ಅದಕ್ಕೆ ಆರಿಸಿಕೊಂಡದ್ದು ವ್ಯಾಕ್ಸ್‌ನನ್ನು.

"ಅಷ್ಟು ಜನರಲ್ಲಿ ಅವನನ್ನ ಮಾತಾಡಿಸೋದು ಹೇಗೆ?" ಅಂತ ಅಕ್ಕ ಕೇಳಿದಳು.

ಹುಡುಗ ತನ್ನ ಕಿವಿ ಮುಟ್ಟಿ ತೋರಿಸಿದ. ವ್ಯಾಕ್ಸ್ ಒಂದು ಓಲೆ ಹಾಕುತ್ತಾನೆ.